ಚಿಕ್ಕಮ್ಮನ ಮೊಣಕಾಲಿನ ವಯಸ್ಸು

ಹರಿಹರದಿಂದ ದಾವಣಗೆರೆಗೆ ಬರುವ ಬಸ್ಸಿನಲ್ಲಿ ಕಳೆದ ವರ್ಷ ನೀವು ಒಂದು ಸಲವಾದರೂ ಕೂತಿದ್ದರೆ, ನಮ್ಮ ಚಿಕ್ಕಮ್ಮನ ಬಲ ಮೊಣಕಾಲಿನ ಒಳಭಾಗವನ್ನು ಕಣ್ಣಾರೆ ನೋಡಿರುತ್ತೀರಿ. ನೋಡಿಲ್ಲವೆಂದರೆ ಎರಡೇ ಕಾರಣ: ಒಂದೋ ನಿಮಗೆ ನಿದ್ದೆ ಹತ್ತಿತ್ತು, ಇಲ್ಲವೇ ನೀವು ಆ ಬಸ್ಸಿನ ಡ್ರೈವರ್ ಆಗಿದ್ದಿರಿ. ಡ್ರೈವರಿಗೂ ತೋರಿಸುತ್ತೇನೆಂದು ಒಮ್ಮೆ ಎದ್ದಿದ್ದಳು. ನಾನೇ ಸೆರಗು ಹಿಡಿದು ಕೂರಿಸಿದೆ.

ಎಂ.ಆರ್.ಐ. ಮಾಡಿದ ಮೇಲೆ ದೊಡ್ಡ ಕಪ್ಪು ಹಾಳೆಯೊಂದನ್ನು ಕೊಡುತ್ತಾರಲ್ಲ, ಬೇರೆಯವರು ಅದನ್ನು ಬೀರುವಿನ ಮೇಲಿಟ್ಟು ಮರೆಯುತ್ತಾರೆ. ನಮ್ಮ ಚಿಕ್ಕಮ್ಮ ಸೀರೆ ಅಂಗಡಿಯ ಕವರಿನಲ್ಲಿ ಹಾಕಿಕೊಂಡು ಹೋದಲ್ಲೆಲ್ಲ ಒಯ್ದಳು. ಬಸ್ಸಿನಲ್ಲಿ ಅವಳಿಗೆ ಕಿಟಕಿ ಪಕ್ಕದ ಸೀಟೇ ಬೇಕು, ಅದೂ ಬಿಸಿಲು ಬೀಳುವ ಕಡೆಯದು! ಬಸ್ಸು ನಿಲ್ದಾಣ ಬಿಡುವುದೇ ತಡ, ಹಾಳೆ ಗಾಜಿಗೆ ಅಂಟಿತೆಂದೇ ತಿಳಿಯಿರಿ. "ನೋಡ್ರಿ, ಇದು ತೊಡೆ ಎಲುಬು, ಇದು ಕೆಳಗಿನ ಎಲುಬು. ನಡುವೆ ಕರ್ರಗೆ ಐತಲ್ಲ, ಅದು ಗಾದಿ. ಅದರಾಗೆ ಬೆಳ್ಳಗೆ ಒಂದು ಗೆರೆ ಕಾಣ್ತೈತಾ? ಅಲ್ಲೇ ಹರಿದಿರೋದು!" ಕಂಡಕ್ಟರ್ ಬಂದು, "ಅಮ್ಮಾ, ಮೊದ್ಲು ಆಧಾರ್ ಕಾರ್ಡ್ ತೋರಿಸ್ರಿ, ಕಾಲು ಆಮೇಲೆ ನೋಡಣ" ಎನ್ನುತ್ತಿದ್ದ. ಪಾಪ, ಅವನು ಎಂಟನೇ ಸಲ ನೋಡುತ್ತಿದ್ದ.

ಒಂದು ದಿನ ಸಾರಥಿ ಎಂಬ ಊರಿನ ಅಜ್ಜಿಯೊಬ್ಬಳು ಹಾಳೆಯನ್ನು ಬಹಳ ಹೊತ್ತು ದಿಟ್ಟಿಸಿ, ಪಕ್ಕದಲ್ಲಿದ್ದ ನನ್ನ ಹೊಟ್ಟೆಯ ಕಡೆ ಒಮ್ಮೆ ನೋಡಿ, "ಎಷ್ಟು ತಿಂಗಳವ್ವ?" ಎಂದಳು. ನಲವತ್ತೈದು ದಾಟಿದ ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ, "ನಾಕು ತಿಂಗಳಾತು ನೋಡಮ್ಮ, ದಿನಾ ಬಾವು ಜಾಸ್ತಿನೇ ಆಗ್ತೈತೆ" ಎಂದುಬಿಟ್ಟಳು. ಅಜ್ಜಿ ಚೀಲದಿಂದ ಎರಡು ಪೇರಲ ಹಣ್ಣು ತೆಗೆದು ನನ್ನ ಕೈಯಲ್ಲಿಟ್ಟಳು. ಬಿಡಿಸಿ ಹೇಳುವಷ್ಟು ತ್ರಾಣ ನನ್ನಲ್ಲಿ ಉಳಿದಿರಲಿಲ್ಲ. ಸುಮ್ಮನೆ ತಿಂದೆ.

ಇವಳು ನನ್ನ ಅಮ್ಮನ ತಂಗಿ. ಬರೆಯುವಾಗ ಚಿಕ್ಕಮ್ಮ, ಬಾಯಲ್ಲಿ ಚಿಗವ್ವ. ಮನೆ ಹರಿಹರದಲ್ಲಿ, ಕೆಲಸ ಭಾನುವಳ್ಳಿಯ ಪ್ರಾಥಮಿಕ ಶಾಲೆಯಲ್ಲಿ. ನಿವೃತ್ತಿಗೆ ಇನ್ನೆರಡು ವರ್ಷ. ಒಂದನೇ ಕ್ಲಾಸಿನ ಮಕ್ಕಳ ನಡುವೆ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತೇ ಪಾಠ ಹೇಳುವವಳು. ಹೆಡ್‌ಮಾಸ್ಟರು ಕುರ್ಚಿ ಕಳಿಸಿದರೆ ಅದರ ಮೇಲೆ ಮಕ್ಕಳ ಚೀಲ ಇಡುತ್ತಾಳೆ. ಚಿಕ್ಕಪ್ಪನದು ಹರಿಹರದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ಅವರು ದಿನಕ್ಕೆ ನಾಲ್ಕೇ ಮಾತು ಆಡುವುದು, ನಾಲ್ಕೂ ಪಂಪ್‌ಸೆಟ್ಟಿನ ಬಗ್ಗೆ. ಇನ್ನು ನಾನು, ದಾವಣಗೆರೆಯ ವಿದ್ಯಾನಗರದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ದೊಡ್ಡ ಆಸ್ಪತ್ರೆಗಳೆಲ್ಲ ಇರುವುದು ದಾವಣಗೆರೆಯಲ್ಲಿ, ದಾವಣಗೆರೆಯಲ್ಲಿ ಇರುವುದು ನಾನು. ನಾನು ಮಾಡಿದ ಅಪರಾಧ ಇಷ್ಟೇ!

ಕಾಲು ಹರಿದದ್ದು ಹೇಗೆ ಎಂದು ಕೇಳುತ್ತೀರಾ? ನೀವು ಕೇಳದಿದ್ದರೂ ಅವಳು ಹೇಳುತ್ತಾಳೆ, ಆದ್ದರಿಂದ ನಾನೇ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಶಿಕ್ಷಕರ ದಿನಾಚರಣೆಗೆ ಶಿಕ್ಷಕರ ಕ್ರೀಡಾಕೂಟ ಇಟ್ಟಿದ್ದರು. ಗಂಡಸರಿಗೆ ಕಬಡ್ಡಿ, ಗುಂಡು ಎಸೆತ. ಹೆಂಗಸರಿಗೆ ರಂಗೋಲಿ ಮತ್ತು ಮ್ಯೂಸಿಕಲ್ ಚೇರ್. ಕಬಡ್ಡಿಯಲ್ಲಿ ಒಬ್ಬರ ಕೂದಲೂ ಕೊಂಕಲಿಲ್ಲ. ಮೊಣಕಾಲಿನ ಗಾದಿ, ಲಿಗಮೆಂಟು ಎರಡನ್ನೂ ಒಂದೇ ಏಟಿಗೆ ಹರಿದುಕೊಂಡದ್ದು ಮ್ಯೂಸಿಕಲ್ ಚೇರ್ ಆಡಿದ ನಮ್ಮ ಚಿಕ್ಕಮ್ಮ! ಕೊನೆಗೆ ಉಳಿದದ್ದು ಒಂದು ಕುರ್ಚಿ, ಇಬ್ಬರು ಮೇಡಂಗಳು. ಹಾಡು ನಿಂತಿತು. ಚಿಕ್ಕಮ್ಮ ಗಿರಕ್ಕನೆ ತಿರುಗಿದಳು. ಮೈ ತಿರುಗಿತು, ಪಾದ ತಿರುಗಲಿಲ್ಲ. ಕುರ್ಚಿ ಸಿಕ್ಕಿತು, ಕಾಲು ಹೋಯಿತು.

ನೋವಿಗೆ ಕುರ್ಚಿಯ ಕೈ ಹಿಡಿದು ಕೂತವಳು ಏಳಲೇ ಇಲ್ಲ. ಪಿ.ಟಿ. ಮಾಸ್ಟರು ಬಂದು, "ಮೇಡಂ, ಆಟ ಮುಗೀತು, ಏಳ್ರಿ" ಎಂದರು.

"ನಾನು ಏಳಲ್ಲ ಸರ್."

"ನೀವೇ ಗೆದ್ದೀರಿ ಮೇಡಂ, ಬಹುಮಾನ ತಗೊಳ್ಳಕೆ ಬರ್ರಿ."

"ಗೆದ್ದಿದ್ದು ಗೊತ್ತೈತ್ರಿ. ಬಹುಮಾನನೇ ಇಲ್ಲಿಗೆ ಕಳಿಸ್ರಿ!"

ಎಂಥ ಹಮ್ಮು ಈ ಹೆಂಗಸಿಗೆ ಎಂದುಕೊಂಡರಂತೆ ಎಲ್ಲರೂ. ಆಮೇಲೆ ವಿಷಯ ತಿಳಿದು ನಾಲ್ಕು ಜನ ಕುರ್ಚಿ ಸಮೇತ ಎತ್ತಿ ವೇದಿಕೆಗೆ ಒಯ್ದರು. ಹಾರ ಹಾಕಿಸಿಕೊಂಡು, ತೊಡೆಯ ಮೇಲೆ ಸ್ಟೀಲಿನ ಹಾಟ್‌ಬಾಕ್ಸ್ ಇಟ್ಟುಕೊಂಡು, ಅಡ್ಡಪಲ್ಲಕ್ಕಿಯಲ್ಲಿ ಕೂತವಳಂತೆ ನಗುತ್ತಿರುವ ಫೋಟೊ ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಬಂತು. ಎಲ್ಲರೂ ಚಪ್ಪಾಳೆಯ ಚಿತ್ರ ಒತ್ತಿದೆವು. ನಾನಂತೂ ಮೂರು ಸಲ ಒತ್ತಿದೆ. ಮುಂದೆ ಬರಲಿರುವುದು ಗೊತ್ತಿದ್ದರೆ ಫೋನನ್ನೇ ಆರಿಸಿಡುತ್ತಿದ್ದೆ.

ಮೊದಲ ಹದಿನೈದು ದಿನ ಮನೆಮದ್ದಿನದು. ಎಕ್ಕದ ಎಲೆಗೆ ಹರಳೆಣ್ಣೆ ಸವರಿ ಬಿಸಿ ಮಾಡಿ ಕಟ್ಟಿದಳು. ಲಕ್ಕಿ ಸೊಪ್ಪಿನ ನೀರು ಸುರಿದುಕೊಂಡಳು. ಉಳುಕು ತೆಗೆಯುವವರ ಹತ್ತಿರ ಹೋಗಿ, ಅವರು ಕಾಲು ಮುಟ್ಟುವ ಮೊದಲೇ ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು ಎಂದು ಅವರಿಗೇ ಪಾಠ ಹೇಳಿ ಬಂದಳು. ಚಿಕ್ಕಪ್ಪ ತಮ್ಮ ದಿನದ ನಾಲ್ಕು ಮಾತಿನಲ್ಲಿ ಒಂದನ್ನು ಖರ್ಚು ಮಾಡಿ, "ಒಳಗೆ ವಾಷರ್ ಹೋಗೈತೆ. ವಾಷರ್ ಹೋದ ಪಂಪಿಗೆ ಎಕ್ಕದೆಲೆ ಕಟ್ಟಿದ್ರೆ ನೀರು ಎತ್ತತೈತಾ?" ಎಂದರು. ಇಡೀ ಪ್ರಕರಣದಲ್ಲಿ ಸರಿಯಾದ ರೋಗಪತ್ತೆ ಮಾಡಿದ ಮೊದಲನೆಯವರು ಅವರೇ. ಆದರೆ ಗಂಡನ ಮಾತನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಅಂತೂ ದಾವಣಗೆರೆಯ ಎಲುಬಿನ ಡಾಕ್ಟರ ಮುಂದೆ ಕೂರಿಸಿದೆ. ಟೋಕನ್ ಮೂವತ್ತೆಂಟು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೂರು ಗಂಟೆ ಕಾದೆವು. ಅಷ್ಟರಲ್ಲಿ ಚಿಕ್ಕಮ್ಮ ಅಲ್ಲಿದ್ದ ಮೂವತ್ತೇಳೂ ಜನರ ನಡಿಗೆ ನೋಡಿ, ಯಾರಿಗೆ ಸವೆದಿದೆ, ಯಾರಿಗೆ ಹರಿದಿದೆ, ಯಾರಿಗೆ ಬರೀ ಸೋಮಾರಿತನ ಎಂದು ವಿಂಗಡಿಸಿ ಮುಗಿಸಿದ್ದಳು.

ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ತಾಳ್ಮೆಯವರು. ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಮೊಣಕಾಲನ್ನು ಹಿಡಿದು ತಿಳಿಸಿದರು: "ನೋಡ್ರಿ ಅಮ್ಮ, ಎರಡು ಎಲುಬಿನ ನಡುವೆ ಅರ್ಧಚಂದ್ರದ ಹಾಗೆ ಎರಡು ಗಾದಿ ಇರ್ತಾವೆ, ಮೆನಿಸ್ಕಸ್ ಅಂತೀವಿ. ಹೊರ ಅಂಚಿಗೆ ಮಾತ್ರ ರಕ್ತ ಬರ್ತದೆ, ಒಳಭಾಗಕ್ಕೆ ಬರಲ್ಲ. ಅಂಚಲ್ಲಿ ಹರಿದು, ಬೇಗ ಬಂದ್ರೆ, ಹೊಲಿಗೆ ಹಾಕ್ತೀವಿ, ಕೂಡ್ಕೊಳ್ತದೆ. ತಡ ಆದ್ರೆ ಹರಿದ ಅಂಚು ಮೆತ್ತಗಾಗಿ, ಎಳೆ ಎಳೆಯಾಗಿ ಬಿಚ್ಕೊಳ್ತದೆ. ಆಗ ಹೊಲಿಗೆ ನಿಲ್ಲಲ್ಲ, ಕತ್ತರಿಸಿ ತೆಗೀಬೇಕಾಗ್ತದೆ."

"ಸೀರೆ ಅಂಚು ಬಿಚ್ಚಿಕೊಂಡಂಗೆ ಅನ್ರಿ" ಎಂದಳು ಚಿಕ್ಕಮ್ಮ.

"ಹಾಂ, ಹಾಗೇ. ನಿಮ್ಮದು ಈಗ ಯಾವ ಹಂತದಲ್ಲಿದೆ ಅಂತ ಒಳಗೆ ಕ್ಯಾಮೆರಾ ಬಿಟ್ಟು ನೋಡಿದ ಮೇಲೇ ಗೊತ್ತಾಗೋದು. ಹೊಲಿಗೆ ಹಾಕಕ್ಕೆ ಬಂದ್ರೆ ನೀವು ನೆಲದ ಮೇಲೆ ಕೂರಬಹುದು. ಕತ್ತರಿಸಿದ್ರೆ ಇನ್ನು ಮುಂದೆ ಕುರ್ಚಿನೇ. ಆದಷ್ಟು ಬೇಗ ಬರ್ರಿ."

ಬೇಗ ಎಂದರೆ ಎಷ್ಟು ಬೇಗ? ನಮ್ಮ ಚಿಕ್ಕಮ್ಮನ ಪಂಚಾಂಗ ನೋಡಬೇಕು ನೀವು! ಪಿತೃಪಕ್ಷದಲ್ಲಿ ಕತ್ತಿ ಮುಟ್ಟಿಸಬಾರದು. ನವರಾತ್ರಿಯಲ್ಲಿ ದೀಪ ಆರಬಾರದು. ದೀಪಾವಳಿಗೆ ಮಗಳಾದ ನಾನು ತವರಿಗೆ ಬರಬೇಕಾದವಳು, ಅವಳೇ ನನ್ನ ಮನೆಯಲ್ಲಿ ಮಲಗಿದರೆ ಜನ ಏನಂದಾರು? ಕಾರ್ತಿಕದಲ್ಲಿ ಸೋಮವಾರದ ಉಪವಾಸ. ಧನುರ್ಮಾಸದಲ್ಲಿ ಶುಭಕಾರ್ಯ ಮಾಡುವುದಿಲ್ಲ. "ಮೊಣಕಾಲು ಕುಯ್ಯಿಸಿಕೊಳ್ಳೋದು ಯಾವ ಶುಭಕಾರ್ಯ ಚಿಗವ್ವ?" ಎಂದು ಕೇಳಿದೆ. "ಅಶುಭ ಅಂತೀಯೇನೇ ಹಂಗಾದ್ರೆ?" ಎಂದು ನನ್ನ ಬಾಯಿ ಮುಚ್ಚಿಸಿದಳು.

ಈ ನಡುವೆ ನನ್ನ ಸಿ.ಎಲ್.ಗಳು ಒಂದೊಂದಾಗಿ ಉದುರಿದವು. ರಜೆ ಅರ್ಜಿಯಲ್ಲಿ ಕಾರಣ ಎಂಬಲ್ಲಿ 'ಚಿಕ್ಕಮ್ಮನ ಮೊಣಕಾಲು' ಎಂದು ಬರೆದು ಬರೆದು, ಕೊನೆಕೊನೆಗೆ 'ಮೇಲಿನಂತೆ' ಎಂದಷ್ಟೇ ಬರೆಯತೊಡಗಿದೆ. ನಮ್ಮ ಸೂಪರಿಂಟೆಂಡೆಂಟರು ಬೆಳಿಗ್ಗೆ ನನ್ನನ್ನು ಕಂಡ ಕೂಡಲೇ, "ಏನ್ ಮೇಡಂ, ಮೊಣಕಾಲು ಹೆಂಗೈತ್ರಿ?" ಎಂದು ವಿಚಾರಿಸುವರು. ನಾನು ಹೇಗಿದ್ದೇನೆ ಎಂದು ಆರು ತಿಂಗಳಲ್ಲಿ ಒಂದು ನರಪಿಳ್ಳೆಯೂ ಕೇಳಲಿಲ್ಲ. ಒಮ್ಮೊಮ್ಮೆ ಕನ್ನಡಿಯ ಮುಂದೆ ನಿಂತು ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೆ. ಉತ್ತರ ಕೊಡಲು ನನಗೂ ಬೇಸರ.

ಶಾಲೆಯಲ್ಲಿ ಬೇರೆಯದೇ ಕಥೆ. ಡಾಕ್ಟರು ಹೇಳಿದ್ದನ್ನೆಲ್ಲ ಚಿಕ್ಕಮ್ಮ ಒಂದನೇ ಕ್ಲಾಸಿಗೆ ಪಾಠ ಮಾಡಿಬಿಟ್ಟಿದ್ದಳು. ಬೋರ್ಡಿನ ಮೇಲೆ ಗಾದಿಯ ಚಿತ್ರ ಬಿಡಿಸಿ, ಕೆಂಪು ಸೀಮೆಸುಣ್ಣದಲ್ಲಿ ರಕ್ತ ಬರುವ ಅಂಚು, ಬಿಳಿಯಲ್ಲಿ ರಕ್ತ ಬಾರದ ಒಳಭಾಗ! ಒಂದು ಮಗುವಿನ ಅಪ್ಪ ಬಂದು ಹೆಡ್‌ಮಾಸ್ಟರ ಮುಂದೆ ದೂರು ಹೇಳಿದನಂತೆ: "ಸರ್, ರಾತ್ರಿ ಅಂಗಳದಾಗೆ ಚಂದಮಾಮನ್ನ ತೋರಿಸಿದ್ರೆ ನಮ್ಮ ಹುಡುಗಿ 'ಅಪ್ಪಾ, ಮೇಡಂ ಮೊಣಕಾಲು' ಅಂತಾಳೆ. ಏನ್ ಕಲಿಸ್ತೀರಿ ನೀವು?" ಹೆಡ್‌ಮಾಸ್ಟರು ಅವನಿಗೆ ಚಹಾ ತರಿಸಿದರಂತೆ.

ಕಡೆಗೆ ಮೊಣಕಾಲೇ ಬೇಸತ್ತು ಮುಹೂರ್ತ ಇಟ್ಟಿತು. ಸಂಕ್ರಾಂತಿ, ಶಿವರಾತ್ರಿ ಎರಡೂ ಕಳೆದ ಮೇಲೆ ಒಂದು ದಿನ ಮಕ್ಕಳ ಜೊತೆ ನೆಲದ ಮೇಲೆ ಕೂತಿದ್ದಾಗ ಕಾಲು ಮಡಚಿದ್ದು ಮಡಚಿದ ಹಾಗೆಯೇ ಸಿಕ್ಕಿಕೊಂಡಿತು. ಹರಿದ ಗಾದಿಯ ಚೂರು ಎಲುಬುಗಳ ನಡುವೆ ಸಿಲುಕಿ, ಬಾಗಿಲ ಸಂದಿಗೆ ಬಟ್ಟೆ ಸಿಕ್ಕ ಹಾಗಾಗಿತ್ತು. ಬೇರೆ ಯಾರೇ ಆದರೂ ಊರು ಕೇಳುವಂತೆ ಕೂಗುತ್ತಿದ್ದರು. ಚಿಕ್ಕಮ್ಮ ಗಂಟೆ ಬಾರಿಸುವವರೆಗೆ ಕೂಡುವ ಲೆಕ್ಕ ಹೇಳಿಕೊಟ್ಟು, ಮಕ್ಕಳೆಲ್ಲ ಊಟಕ್ಕೆ ಹೋದ ಮೇಲೆ ಹೆಡ್‌ಮಾಸ್ಟರಿಗೆ ಫೋನು ಮಾಡಿ, "ಸರ್, ನಿಮ್ಮ ಕುರ್ಚಿ ಈಗ ಬೇಕಾಗೈತ್ರಿ" ಎಂದಳು. ಮರುದಿನವೇ ಆಸ್ಪತ್ರೆಗೆ ಸೇರಿಸಿದೆವು. ರಜೆ ಅರ್ಜಿ: ಮೇಲಿನಂತೆ.

ಆಪರೇಷನ್ ಹೊತ್ತಿಗೆ ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದರು. ಬಾಯಿಗೂ ಒಂದು ಸೂಜಿ ಕೊಡಬೇಕಿತ್ತು ಎಂದು ಆಮೇಲೆ ಡಾಕ್ಟರಿಗೆ ಅನ್ನಿಸಿರಬೇಕು. ಮೊಣಕಾಲಿನ ಒಳಗೆ ಬಿಟ್ಟ ಕ್ಯಾಮೆರಾದ ಚಿತ್ರ ಪಕ್ಕದ ಟಿ.ವಿ.ಯಲ್ಲಿ ಬರುತ್ತದೆ. ಅದನ್ನು ನೋಡುತ್ತಾ ಮಲಗಿದ ಚಿಕ್ಕಮ್ಮ, "ಡಾಕ್ಟ್ರೇ, ಆ ಎಡಮೂಲೆಯಾಗೆ ಇನ್ನೊಂದು ಚೂರು ಉಳಿದೈತೆ ನೋಡ್ರಿ... ಅದಲ್ಲ, ಅದರ ಹಿಂದೆ... ಹಾಂ, ಅದೇ. ಒಂದು ಸಲ ನೀರು ಬಿಟ್ಟು ತೊಳೆದುಬಿಡ್ರಿ" ಎಂದು ಕಸ ಗುಡಿಸುವವರಿಗೆ ಹೇಳುವ ಹಾಗೆ ಹೇಳುತ್ತಲೇ ಇದ್ದಳಂತೆ. ಡಾಕ್ಟರು ಹೊರಗೆ ಬಂದು, "ನಿಮ್ಮ ಚಿಕ್ಕಮ್ಮ ಹೇಳಿಕೊಟ್ಟ ಹಾಗೆ ಮಾಡಿದೀನಿ" ಎಂದರು. ಆಮೇಲೆ ನಗು ನಿಲ್ಲಿಸಿ, "ಹೊಲಿಗೆ ಹಾಕಕ್ಕೆ ಆಗಲಿಲ್ಲ ಮೇಡಂ. ಕತ್ತರಿಸಿ ತೆಗೆದೆ. ಲಿಗಮೆಂಟಂತೂ ಹೆಸರಿಗೂ ಉಳಿದಿಲ್ಲ" ಎಂದರು. ಆರು ತಿಂಗಳು ಪಂಚಾಂಗ ನೋಡಿದ್ದರ ಫಲ ಎಂದುಕೊಂಡೆ. ಸಿಟ್ಟು ಬಂತು. ಅಳುವೂ ಬಂತು. ಎರಡಕ್ಕೂ ಪುರುಸೊತ್ತು ಇರಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ನರ್ಸಮ್ಮ ಒಂದು ಪುಟ್ಟ ಬಾಟಲಿಯನ್ನೂ ಒಂದು ಚೀಟಿಯನ್ನೂ ನನ್ನ ಕೈಗಿಟ್ಟು, "ಇದನ್ನ ಲ್ಯಾಬಿಗೆ ಕೊಟ್ಟು ಬರ್ರಿ, ಪರೀಕ್ಷೆ ಮಾಡ್ತಾರೆ" ಎಂದಳು. ನಮ್ಮ ಕಡೆ ಇದೊಂದು ಪದ್ಧತಿ. ರೋಗಿಯ ಮೈಯಿಂದ ಏನನ್ನೇ ತೆಗೆದರೂ ಅದನ್ನು ಊರಿನ ಇನ್ನೊಂದು ತುದಿಯ ಲ್ಯಾಬಿಗೆ ಮುಟ್ಟಿಸುವುದು ರೋಗಿಯ ಕಡೆಯವರ ಧರ್ಮ! ಬಾಟಲಿಯ ಔಷಧಿ ನೀರಿನಲ್ಲಿ ಚಿಕ್ಕಮ್ಮನ ಗಾದಿಯ ಚೂರುಗಳು ತೇಲುತ್ತಿದ್ದವು. ಊಟದ ಚೀಲದಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿಕೊಂಡು ಸ್ಕೂಟಿ ಹತ್ತಿದೆ. ಜೀವನದಲ್ಲಿ ಮೊದಲ ಸಲ ಚಿಕ್ಕಮ್ಮನನ್ನು ಮಾತಿಲ್ಲದೆ ಕರೆದುಕೊಂಡು ಹೋಗುತ್ತಿದ್ದೆ.

ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ದಾರಿಯಲ್ಲಿ ಬೆಣ್ಣೆದೋಸೆಯ ವಾಸನೆ ಬಂತು, ಸ್ಕೂಟಿ ತಾನೇ ನಿಂತಿತು. ಬಾಟಲಿ ಉರುಳೀತೆಂಬ ಭಯಕ್ಕೆ ಅದನ್ನು ಮೇಜಿನ ಮೇಲೆ ಇಟ್ಟುಕೊಂಡೇ ಕೂತೆ. ದೋಸೆ ತಂದ ಸಪ್ಲೈಯರ್ ಬಾಟಲಿಯ ಕಡೆ ಕಣ್ಣು ಹಾಯಿಸಿ, "ಯಾಕ್ರಿ ಮೇಡಂ, ನಮ್ಮ ಚಟ್ನಿ ಸಾಲಲ್ಲ ಅಂತ ಮನೆಯಿಂದ ಉಪ್ಪಿನಕಾಯಿ ತಂದ್ರಾ?" ಎಂದ. "ಅಲ್ಲಪ್ಪ, ನಮ್ಮ ಚಿಕ್ಕಮ್ಮ" ಎಂದೆ. ಅವನು ಮತ್ತೆ ನನ್ನ ಮೇಜಿನ ಹತ್ತಿರ ಬರಲಿಲ್ಲ. ಎರಡನೇ ದೋಸೆಯನ್ನು ನಾನೇ ಹೋಗಿ ತಂದುಕೊಂಡೆ.

ಆಸ್ಪತ್ರೆಯಿಂದ ಚಿಕ್ಕಮ್ಮ ನಮ್ಮ ಮನೆಗೆ ಬಂದಳು. ಹೊಲಿಗೆ ಬಿಚ್ಚುವ ತನಕ ಇಲ್ಲೇ ಎಂದಾಯಿತು. ಹಾಸಿಗೆ ಮೇಲಿಂದಲೇ ಸಂಸಾರ ನಡೆಸತೊಡಗಿದಳು. ಸಾರಿಗೆ ಉಪ್ಪು ಮುಂದು, ನನ್ನ ಮಗಳ ಜಡೆ ಸಡಿಲ, ಕೆಲಸದವಳು ಮೂಲೆ ಗುಡಿಸಲಿಲ್ಲ. ದಿನಕ್ಕೆ ಮೂರು ಸಲ ಅವಳ ಹಿಮ್ಮಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ತೊಡೆ ಬಿಗಿಮಾಡುವ ವ್ಯಾಯಾಮ ಮಾಡಿಸಬೇಕು. ನಾನು ಹತ್ತು ಎಣಿಸುವಷ್ಟರಲ್ಲಿ ಅವಳು ಹತ್ತು ಕಥೆ ಹೇಳುತ್ತಿದ್ದಳು. ಐದನೆಯ ದಿನವೋ ಆರನೆಯ ದಿನವೋ ಆಫೀಸಿನಿಂದ ಸುಸ್ತಾಗಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಒಳಗಿನಿಂದ, "ಬಂದೇನೇ? ನಿಮ್ಮ ಫ್ಯಾನು ಕಿರ್ ಅಂತೈತೆ, ನಿಮ್ಮ ಚಿಕ್ಕಪ್ಪಗೆ ಫೋನ್ ಮಾಡು" ಎಂದಳು.

ನನ್ನ ತಾಳ್ಮೆ ಅಲ್ಲಿಗೆ ಹರಿಯಿತು. "ಒಂದು ಹಾಟ್‌ಬಾಕ್ಸಿನ ಆಸೆಗೆ ಕಾಲು ಮುರ್ಕಂಡೆ. ಆರು ತಿಂಗಳು ಡಾಕ್ಟ್ರ ಮಾತು ಕೇಳಲಿಲ್ಲ. ಬೇಗ ಬಂದಿದ್ರೆ ಹೊಲಿಗೆ ಹಾಕಬಹುದಿತ್ತು, ನೆಲದ ಮೇಲೆ ಕೂರಬಹುದಿತ್ತು. ನಿನ್ನ ಮೈ ಬಗ್ಗೆ ನಿನಗೇ ಖಬರಿಲ್ಲ ಅಂದ್ರೆ ನಾವು ಎಷ್ಟು ಅಂತ ಮಾಡಬೇಕು ಚಿಗವ್ವ? ನನಗೂ ಸಾಕಾಗೈತೆ!" ಎಂದುಬಿಟ್ಟೆ.

ಉತ್ತರ ಬರುತ್ತದೆಂದು ಕಾದೆ. ಚಿಕ್ಕಮ್ಮನ ಬಳಿ ಉತ್ತರ ಇಲ್ಲದ ಮಾತು ಹುಟ್ಟೇ ಇಲ್ಲ. ಆದರೆ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಫ್ಯಾನು ಕಿರ್ ಎನ್ನುತ್ತಲೇ ಇತ್ತು.

ಹದಿಮೂರನೆಯ ದಿನ ಹೊಲಿಗೆ ಬಿಚ್ಚಿಸಲು ಹೋದೆವು. ಡಾಕ್ಟರು ಹೊಲಿಗೆ ತೆಗೆದು, "ಇವತ್ತಿಂದ ನೀರು ತಾಗಿಸಬಹುದು" ಎಂದು ಹೇಳಿ, ಲ್ಯಾಬಿನ ವರದಿ ಬಿಚ್ಚಿದರು. ಎರಡು ಸಲ ಓದಿದರು. ಆಮೇಲೆ ಚಿಕ್ಕಮ್ಮನ ಮುಖ ನೋಡಿದರು.

"ಅಮ್ಮ, ಈ ಕಾಲಿಗೆ ಮೊದಲ ಸಲ ಏಟಾಗಿದ್ದು ಯಾವಾಗ?"

"ಅದೇ ಸರ್, ಮ್ಯೂಸಿಕಲ್ ಚೇರು..."

"ಅಲ್ಲ. ಅದು ಕೊನೇ ಏಟು. ನಿಮ್ಮ ಕಾಲೊಳಗೆ ನೋಡಿದಾಗಲೇ ನಂಗೆ ಅನುಮಾನ ಬಂದಿತ್ತು. ಹೊಸದಾಗಿ ಹರಿದ ಲಿಗಮೆಂಟ್ ಆದ್ರೆ ತುಂಡಾದ್ರೂ ಕಾಣ್ತದೆ. ನಿಮ್ಮದು ಕರಗಿ, ಒಣಗಿ, ಪಕ್ಕದ ಲಿಗಮೆಂಟಿಗೆ ಅಂಟಿಕೊಂಡುಬಿಟ್ಟಿದೆ. ಈಗ ಇವರೂ ಅದನ್ನೇ ಬರೆದಿದ್ದಾರೆ. ಗಾದಿಯ ಎಳೆಗಳು ಬಿಚ್ಚಿಕೊಂಡು ಒಳಗೆಲ್ಲ ಲೋಳೆ ಆಗಿದೆ. ಬದುಕಿರೋ ಜೀವಕೋಶಗಳು ಅಲ್ಲಲ್ಲಿ ಗುಂಪು ಕಟ್ಟಿಕೊಂಡಿವೆ, ನಡುನಡುವೆ ಸುಣ್ಣ ಕೂತಿದೆ. ಇದು ಆರು ತಿಂಗಳಲ್ಲಿ ಆಗೋ ಕೆಲಸ ಅಲ್ಲ."

"ಮತ್ತೆ ಎಷ್ಟು ಹಳೇದು ಸರ್?" ಎಂದು ಕೇಳಿದವಳು ನಾನು.

"ವರ್ಷ ಇಷ್ಟೇ ಅಂತ ಹೇಳಕ್ಕೆ ಬರಲ್ಲ. ಆದ್ರೆ ಹತ್ತು ವರ್ಷಕ್ಕೂ ಹಿಂದಿನದು ಅಂತ ನಾನು ಧೈರ್ಯವಾಗಿ ಹೇಳ್ತೀನಿ. ಆವಾಗಲೇ ಬಂದಿದ್ರೆ ನಾಲ್ಕು ಹೊಲಿಗೆಯಲ್ಲಿ ಮುಗೀತಿತ್ತು. ಇಷ್ಟು ವರ್ಷ ಈ ಕಾಲಲ್ಲಿ ನಡೆದಿದ್ದಾದ್ರೂ ಹೇಗೆ ಅಮ್ಮ?"

"ಬಲಗಾಲು ಸರ್ಕಾರಿ ಕಾಲು ಸರ್. ನಿಧಾನ ಆದ್ರೂ ಹೋಗ್ತಿರ್ತೈತೆ" ಎಂದು ಚಿಕ್ಕಮ್ಮ ನಕ್ಕಳು. ಡಾಕ್ಟರೂ ನಕ್ಕರು. ನನಗೆ ನಗು ಬರಲಿಲ್ಲ.

ಮನೆಗೆ ಬಂದು ಅವಳನ್ನು ಮಂಚದ ಮೇಲೆ ಕೂರಿಸಿ, ಎದುರಿಗೆ ಸ್ಟೂಲು ಎಳೆದುಕೊಂಡು ಕೂತೆ. "ಈಗ ಹೇಳು. ಯಾವಾಗ?"

"ಬಿಡೇ, ಹಳೇದು."

"ಎಷ್ಟು ಹಳೇದು ಚಿಗವ್ವ?"

ಚಿಕ್ಕಮ್ಮ ಗೋಡೆಯ ಮೇಲಿದ್ದ ನನ್ನ ಮಗಳ ಫೋಟೊ ಕಡೆ ನೋಡಿದಳು. "ನಿನ್ನ ಮಗಳಷ್ಟು" ಎಂದಳು.

ನನ್ನ ಮಗಳಿಗೆ ಈಗ ಹದಿನೇಳು. ಅವಳು ಹುಟ್ಟುವ ಹಿಂದಿನ ವರ್ಷ ನನ್ನ ಅಮ್ಮ ತೀರಿಕೊಂಡಿದ್ದಳು. ನಮ್ಮವರಿಗೆ ಹಾವೇರಿಯಲ್ಲಿ ಕೆಲಸ, ಭಾನುವಾರ ಮಾತ್ರ ಬರುತ್ತಿದ್ದರು. ಮಗುವನ್ನು ಆಪರೇಷನ್ ಮಾಡಿ ತೆಗೆದಿದ್ದರು, ತೂಕ ಕಡಿಮೆ ಇತ್ತು. ವಾರಕ್ಕೆರಡು ಸಲ ಡಾಕ್ಟರಿಗೆ ತೋರಿಸಬೇಕಾದ್ದರಿಂದ ನಾನು ವಿದ್ಯಾನಗರದ ಬಾಡಿಗೆ ಮನೆಯಲ್ಲೇ ಉಳಿದೆ. ಚಿಕ್ಕಮ್ಮ ರಜೆ ಹಾಕಿ ಬಂದು ಬಾಣಂತನ ಮಾಡಿದಳು. ಮನೆ ಮಹಡಿಯ ಮೇಲೆ. ನೀರು ಕಾಯಿಸುವ ಹಂಡೆ ಕೆಳಗೆ, ಮನೆ ಮಾಲೀಕರ ಹಿತ್ತಲಿನಲ್ಲಿ. ಬಿಸಿನೀರನ್ನೆಲ್ಲ ಕೊಡದಲ್ಲಿ ತುಂಬಿ ಸೊಂಟದ ಮೇಲೆ ಹೊತ್ತು ಮೆಟ್ಟಿಲು ಹತ್ತಿ ತರಬೇಕಿತ್ತು.

"ಮೆಟ್ಟಲು ತಿರುಗೋ ಕಡೆ ನೀರು ಚೆಲ್ಲಿತ್ತು" ಎಂದಳು ಚಿಕ್ಕಮ್ಮ. "ಪಾದ ಅಲ್ಲೇ ನಿಂತ್ಕಂತು, ನಾನು ತಿರುಗಿದೆ. ಒಳಗೆ ಟಪ್ ಅಂತು. ಕಣ್ಣು ಕತ್ತಲೆ ಬಂತು ನೋಡು."

"ಕೊಡ?"

"ಕೊಡ ಹೆಂಗೆ ಬಿಡ್ತಾರೆ? ಬಿಟ್ಟಿದ್ರೆ ಸದ್ದಾಗ್ತಿತ್ತು. ನೀನು ಎದ್ದು ಓಡಿ ಬರ್ತಿದ್ದಿ."

ಕಾಲು ಕುಂಬಳಕಾಯಿಯಂತೆ ಬಾತಿತ್ತಂತೆ. ಸೀರೆಯ ಒಳಗೆ ಯಾರು ನೋಡುತ್ತಾರೆ? ಮಡಚಲು ಬರುತ್ತಿರಲಿಲ್ಲವಂತೆ. ಮಗುವಿಗೆ ನೀರೆರೆಯುವವರು ಎರಡೂ ಕಾಲು ನೀಡಿ ಕೂತು, ಕಾಲಿನ ಮೇಲೆ ಮಗುವನ್ನು ಬೋರಲು ಹಾಕಿಕೊಂಡು ಎರೆಯುತ್ತಾರಲ್ಲ. "ಅದೊಂದು ಒಳ್ಳೇದಾತು. ಹೆಂಗಿದ್ರೂ ಕಾಲು ಚಾಚೇ ಕೂರಬೇಕು. ಕೂಸಿಗೆ ಎರೆಯೋ ಹೊತ್ತಷ್ಟೇ ನಂಗೆ ಆರಾಮ" ಎಂದಳು. ಹಾಗೆ ಮೂರು ತಿಂಗಳು ಆ ಮೆಟ್ಟಿಲು ಹತ್ತಿ ಇಳಿದಿದ್ದಾಳೆ. ಬಾವು ಇಳಿಯಿತು, ಹರಿದದ್ದು ಹರಿದ ಹಾಗೆಯೇ ಉಳಿಯಿತು. ಆಮೇಲಿನ ಹದಿನೇಳು ವರ್ಷ ಅವಳು ಒಂದು ಕಡೆಗೆ ವಾಲಿ ನಡೆಯುವುದನ್ನು ನಾವು ಅವಳ ಠೀವಿ ಎಂದುಕೊಂಡಿದ್ದೆವು. ಮದುವೆ ಮನೆಗಳಲ್ಲಿ ಅವಳ ನಡಿಗೆಯನ್ನು ಅಣಕಿಸಿ ಎಲ್ಲರನ್ನೂ ನಗಿಸಿದವಳು ನಾನೇ.

ಇನ್ನೊಂದು ನೆನಪೂ ಬಂತು, ಬರಬಾರದಿತ್ತು. ಆ ದಿನಗಳಲ್ಲಿ ಒಂದು ಬೆಳಿಗ್ಗೆ ಮಹಡಿಯ ಮೇಲಿನಿಂದ ನಾನು ಕೂಗಿದ್ದೆ: "ಯಾಕ ಚಿಗವ್ವ ಇಷ್ಟು ನಿಧಾನ? ನೀರು ಆರಿ ಹೋಗ್ತೈತೆ, ಕೂಸಿಗೆ ಥಂಡಿ ಆಗಲ್ವಾ?" ಅವಳು ಮೆಟ್ಟಿಲಿನಿಂದಲೇ, "ಬಂದೆ ತಾಯಿ, ಬಂದೆ" ಎಂದಿದ್ದಳು.

"ಯಾಕೆ ಹೇಳಲಿಲ್ಲ ಚಿಗವ್ವ? ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಕೊಡ ಎತ್ತತಿದ್ದಿ. ನಿನ್ನ ಹೊಟ್ಟೆ ಹೊಲಿಗೆ ಇನ್ನೂ ಹಸಿ ಇದ್ವು. ಅಕ್ಕ ಇದ್ದಿದ್ರೆ ಕೆಲಸ ಹಂಚ್ಕೊಂತಿದ್ವಿ. ಇರಲಿಲ್ಲ" ಎಂದು ಮಾತು ಮುಗಿಸಿ, ಮಂಚದ ಅಂಚು ಹಿಡಿದು ಏಳಲು ನೋಡಿದಳು. "ಡಾಕ್ಟ್ರು ನೀರು ತಾಗಿಸಬೌದು ಅಂದ್ರಲ್ಲ, ಹದಿಮೂರು ದಿನ ಆತು ತಲೆಗೆ ನೀರು ಬಿದ್ದು. ಒಂದು ಬಕೆಟ್ ಕಾಯಿಸಿಡು, ನಾನೇ ಹಾಕ್ಕೊಂತೀನಿ."

ನಾನು ಬಿಡಲಿಲ್ಲ. ಬಚ್ಚಲಲ್ಲಿ ಒಂದು ಸ್ಟೂಲಿನ ಮೇಲೆ ಅವಳನ್ನು ಕೂರಿಸಿ, ಬಲಗಾಲನ್ನು ಇನ್ನೊಂದು ಸ್ಟೂಲಿನ ಮೇಲೆ ಚಾಚಿಟ್ಟೆ. ನೀರು ಹದವಾಗಿದೆಯೇ ಎಂದು ಮೂರು ಸಲ ಕೈ ಅದ್ದಿ ನೋಡಿದೆ. ತಲೆಗೆ ಎಣ್ಣೆ ಒತ್ತಿ, ಸೀಗೆಪುಡಿ ಹಚ್ಚಿ ತಿಕ್ಕಿದೆ. ಮೊಣಕಾಲಿನ ಮೇಲೆ ಎರಡು ಪುಟ್ಟ ಗಾಯದ ಗುರುತುಗಳಿದ್ದವು. ಅಲ್ಲಿ ಮಾತ್ರ ಉಜ್ಜದೆ ಅಂಗೈಯಿಂದ ನೀರು ಬಿಟ್ಟೆ. ಚಿಕ್ಕಮ್ಮ ತಲೆ ಎತ್ತಿ ನನ್ನ ಮುಖ ನೋಡಿ, ಒದ್ದೆ ಕೈಯಲ್ಲೇ ನನ್ನ ಕೆನ್ನೆ ಒರೆಸಿದಳು.

"ಸೀಗೆಪುಡಿ ಹಚ್ಚಿಸ್ಕೊಂಡಿರೋಳು ನಾನು. ನಿನ್ನ ಕಣ್ಣು ಯಾಕೇ ಉರಿಯಾಕತ್ತಾವೆ?" ಎಂದಳು.